ಡಿಟೆಕ್ಟರ್ ಇಲ್ಲದೆ 6218 ನಾಣ್ಯ: ಕರ್ನಲ್ ಕಾಲಿನ್ ಮೆಕೆಂಜಿ ಎಂಬ ಎಂಜಿನಿಯರ್

ಈ ಸಲ ನಮ್ಮ ಬ್ಯಾಚಿನಲ್ಲಿ ಮೆಟಲ್ ಡಿಟೆಕ್ಟರ್ ಮಿನಿ ಪ್ರಾಜೆಕ್ಟಿನ ಜ್ವರ ಬಂದಿದೆ. ತಾಮ್ರದ ತಂತಿಯ ಒಂದು ಕಾಯಿಲ್, ಒಂದು ಆಸಿಲೇಟರ್, ಒಂದು ಬಝರ್, ಒಂದು ಪಿವಿಸಿ ಪೈಪು ಇದ್ದರೆ ಮುಗೀತು. ಹುಣಸೂರು ಕಡೆಯ ಗೆಳೆಯರು ಇದನ್ನ ಊರಿನ ಪಾರ್ಕಲ್ಲಿ ಓಡಾಡಿಸಿದ್ರೆ, ಇಲ್ಲಾ ಪಿರಿಯಾಪಟ್ಟಣದ ಹಳೇ ಕೋಟೆ ಕಡೆ ತಗೊಂಡು ಹೋದ್ರೆ ರಾಜರ ಕಾಲದ ನಾಣ್ಯ ಸಿಗಲ್ವಾ ಅಂತ ಕೇಳ್ತಿದಾರೆ. ಇಂಗ್ಲೆಂಡಿನ ಹೊಲಗಳಲ್ಲಿ ಹೆಡ್‌ಫೋನ್ ಹಾಕಿಕೊಂಡು ನಾಣ್ಯ ಅಗೆಯುವವರ ವಿಡಿಯೋಗಳನ್ನು ನಾವೆಲ್ಲ ನೋಡಿದವರೇ. ಆಸೆ ಹುಟ್ಟೋದು ಸಹಜ.

ನಮ್ಮ ಸೀಮೆಯಲ್ಲಿ ಈ ಆಸೆ ಹೊಸದೇನಲ್ಲ. ಇನ್ನೂರು ವರ್ಷದ ಹಿಂದೆ ಒಬ್ಬ ಎಂಜಿನಿಯರ್ ಇಡೀ ಮೈಸೂರು ಸೀಮೆಯನ್ನು ಅಳೆದರು, ದಕ್ಷಿಣ ಭಾರತದ ಊರೂರುಗಳಿಂದ ಹಳೇ ವಸ್ತುಗಳನ್ನು ಕೂಡಿಸಿದರು. ಅವರು ಸತ್ತ ಮೇಲೆ ಲೆಕ್ಕ ಹಾಕಿದಾಗ ನಾಣ್ಯಗಳೇ 6218 ಇದ್ದವು. ಅವರ ಹೆಸರು ಕಾಲಿನ್ ಮೆಕೆಂಜಿ. ಇತಿಹಾಸದ ಪುಸ್ತಕಗಳಲ್ಲಿ ಮೆಕೆಂಜಿ ಸಂಗ್ರಹ, ಮೆಕೆಂಜಿ ಕೈಫಿಯತ್ತು ಅನ್ನೋ ಮಾತು ಓದಿರ್ತೀವಿ. ಆದರೆ ಆ ಮನುಷ್ಯ ನಮ್ಮ ಹಾಗೇ ಗಣಿತ, ಡ್ರಾಯಿಂಗು, ಸರ್ವೆ ಅಂತ ಬದುಕಿದವರು ಅನ್ನೋದು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಆದ್ದರಿಂದ ಈ ಸಂಚಿಕೆಗೆ ಅವರ ಬದುಕು.

ಲಾಗರಿದಮ್ ತಂದ ದಾರಿ

ಮೆಕೆಂಜಿ ಹುಟ್ಟಿದ್ದು ಸುಮಾರು 1754ರಲ್ಲಿ, ಸ್ಕಾಟ್ಲೆಂಡಿನ ವಾಯವ್ಯಕ್ಕಿರುವ ಲೂಯಿಸ್ ದ್ವೀಪದ ಸ್ಟಾರ್ನೋವೇ ಎಂಬ ಬಂದರಿನಲ್ಲಿ. ಚಳಿ, ಗಾಳಿ, ಮೀನು ವ್ಯಾಪಾರದ ಊರು. ಮೊದಲು ಅಲ್ಲೇ ಸುಂಕದ ಕಟ್ಟೆಯಲ್ಲಿ ಅಧಿಕಾರಿಯಾಗಿದ್ದರು. ಬಂದ ಸರಕು, ಹೋದ ಸರಕು, ಅದರ ಸುಂಕ ಬರೆದಿಡುವ ಕೆಲಸ. ಮುಂದೆ ಇಡೀ ಜೀವಮಾನ ಅವರು ಮಾಡಿದ್ದೂ ಒಂಥರಾ ಇದೇ ಕೆಲಸ, ಸರಕು ಮಾತ್ರ ಬೇರೆ.

ಅವರು ಭಾರತಕ್ಕೆ ಬರಲು ಒಂದು ಕಾರಣ ಗಣಿತ. ಲಾಗರಿದಮ್ ಕಂಡುಹಿಡಿದ ಜಾನ್ ನೇಪಿಯರ್ ಹೆಸರು ನಮಗೆ ಪಿಯುಸಿಯಿಂದ ಗೊತ್ತು. ಆ ಮನೆತನದ ಒಬ್ಬ ಲಾರ್ಡ್ ತಮ್ಮ ಪೂರ್ವಜನ ಜೀವನಚರಿತ್ರೆ ಬರೆಯಲು ಹೊರಟಿದ್ದರು. ಹಿಂದೂಗಳಿಗೆ ಗಣಿತದಲ್ಲಿ, ಲಾಗರಿದಮ್ ಥರದ ಲೆಕ್ಕಗಳಲ್ಲಿ ಏನೇನು ಗೊತ್ತಿತ್ತು ಅನ್ನೋ ಕುತೂಹಲ ಅವರಿಗೆ. ಅದನ್ನು ಹುಡುಕಲು ನೆರವಾದವರು ಯುವಕ ಮೆಕೆಂಜಿ. ಆ ಲಾರ್ಡ್ ಪುಸ್ತಕ ಮುಗಿಸದೆ ತೀರಿಕೊಂಡರು, ಕುತೂಹಲ ಮಾತ್ರ ಮೆಕೆಂಜಿಯವರಲ್ಲಿ ಉಳಿದುಬಿಟ್ಟಿತು.

1783ರಲ್ಲಿ ಅವರು ಮದ್ರಾಸಿಗೆ ಬಂದಿಳಿದರು. ವಯಸ್ಸು ಮೂವತ್ತರ ಹತ್ತಿರ. ಆಗಿನ ಕಾಲಕ್ಕೆ ಕಂಪನಿಯ ನೌಕರಿಗೆ ಸೇರಲು ಇದು ತಡವಾದ ವಯಸ್ಸೇ. ನೇಪಿಯರ್ ಮನೆತನದ ಮಗಳೊಬ್ಬರು ಮದುರೈಯಲ್ಲಿ ಇದ್ದರು. ಅವರ ಮನೆಯಲ್ಲಿ ಮೆಕೆಂಜಿಗೆ ಅಲ್ಲಿನ ಪಂಡಿತರ ಪರಿಚಯವಾಯಿತು. ಈ ದೇಶದ ವಿದ್ಯೆ ಇರುವುದು ಓಲೆಗರಿಗಳಲ್ಲಿ, ಕಲ್ಲಿನಲ್ಲಿ, ಜನರ ಬಾಯಲ್ಲಿ ಅನ್ನೋದು ಅವರಿಗೆ ಅಲ್ಲಿ ಹೊಳೆಯಿತು. ಅದನ್ನೆಲ್ಲ ಕೂಡಿಸಬೇಕು ಅನ್ನೋ ಹಂಬಲ ಶುರುವಾದದ್ದೂ ಅಲ್ಲೇ. ಆದರೆ ಕೈಗೆ ಸಿಕ್ಕಿದ್ದು ಸಿಪಾಯಿ ಕೆಲಸ. 1786ರಲ್ಲಿ ಅವರನ್ನು ಸೈನ್ಯದ ಎಂಜಿನಿಯರ್ ದಳಕ್ಕೆ ಹಾಕಿದರು.

ಯುದ್ಧದ ಎಂಜಿನಿಯರ್

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಮೆಕೆಂಜಿ ನಮ್ಮ ಸೀಮೆಗೆ ಬಂದದ್ದು ಗೆಳೆಯನಾಗಿ ಅಲ್ಲ. ಮೂರನೇ ಮೈಸೂರು ಯುದ್ಧದಲ್ಲೂ 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲೂ ಅವರು ಟಿಪ್ಪುವಿನ ವಿರುದ್ಧದ ಸೈನ್ಯದಲ್ಲಿದ್ದರು. ಕೋಟೆಯ ಮೇಲೆ ಹಾರುವ ಗುಂಡಿಗೆ ದಾರಿ ತೋರಿಸುವುದು, ಮೋರ್ಚೆ ಕಟ್ಟಿಸುವುದು, ನಕ್ಷೆ ಬರೆಯುವುದು ಎಂಜಿನಿಯರ್ ಕೆಲಸವೇ. ನಡುವೆ ನಿಜಾಮನ ಸೀಮೆಯಲ್ಲಿ ಸರ್ವೆ ಮಾಡಿದರು, ಸಿಲೋನಿಗೂ ಹೋಗಿಬಂದರು.

ಈ ಓಡಾಟದಲ್ಲೇ 1790ರ ದಶಕದ ಕೊನೆಗೆ ಅವರು ಕೃಷ್ಣಾ ನದಿ ದಂಡೆಯ ಅಮರಾವತಿಗೆ ಹೋದರು. ಅಲ್ಲಿನ ಜಮೀನ್ದಾರರು ಹೊಸ ಪೇಟೆ ಕಟ್ಟಿಸುತ್ತಿದ್ದರು. ಕಲ್ಲಿಗಾಗಿ ಜನ ಒಂದು ದಿಬ್ಬವನ್ನು ಅಗೆಯುತ್ತಿದ್ದರು. ಅದು ಬೌದ್ಧ ಸ್ತೂಪ. ಬೆಳ್ಳಗಿನ ಕಲ್ಲಿನ ಮೇಲೆ ಕೆತ್ತಿದ ಚಿತ್ರಗಳು ಒಂದೊಂದೇ ಹೊರಬರುತ್ತಿದ್ದವು. ಸುಮಾರು ಇಪ್ಪತ್ತು ವರ್ಷದ ಮೇಲೆ ಮೆಕೆಂಜಿ ಮತ್ತೆ ಹೋಗುವ ಹೊತ್ತಿಗೆ ದಿಬ್ಬದ ನಡುಭಾಗ ಕೆರೆಯ ಗುಂಡಿಯಾಗಿತ್ತು, ಎಷ್ಟೋ ಕಲ್ಲು ಮಾಯವಾಗಿದ್ದವು. ಆಗ ಅವರು ನಕ್ಷೆಗಾರರನ್ನು ಕೂರಿಸಿ ಉಳಿದದ್ದನ್ನೆಲ್ಲ ಅಳತೆ ಸಮೇತ ಬರೆಸಿದರು. ಕೆಲವು ಕಲ್ಲುಗಳನ್ನು ಅವರೇ ಸಾಗಿಸಿದರು ಅನ್ನೋದೂ ನಿಜ. ಆದರೆ ಆ ಸ್ತೂಪ ಎಷ್ಟು ಅಗಲ ಇತ್ತು, ಯಾವ ಕಲ್ಲು ಎಲ್ಲಿತ್ತು ಅಂತ ಇವತ್ತು ತಿಳಿಯಬೇಕಾದರೆ ಆ ಕಾಗದಗಳನ್ನೇ ನೋಡಬೇಕು.

ಮೈಸೂರು ಸರ್ವೆ

ಟಿಪ್ಪು ಬಿದ್ದ ಮೇಲೆ ಸೀಮೆ ಹಂಚಿಕೆಯಾಯಿತು. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ, ಪೂರ್ಣಯ್ಯನವರಿಗೆ ದಿವಾನಗಿರಿ. ಹೊಸ ಗಡಿ ಎಲ್ಲಿ, ಯಾವ ಊರು ಯಾರಿಗೆ, ಎಷ್ಟು ಕೆರೆ, ಎಷ್ಟು ದಾರಿ ಅನ್ನೋದು ಕಂಪನಿಗೆ ತಿಳಿಯಬೇಕಿತ್ತು. ಆ ಕೆಲಸಕ್ಕೆ ನೇಮಕವಾದವರು ಕ್ಯಾಪ್ಟನ್ ಮೆಕೆಂಜಿ. 1800ರ ಸುಮಾರಿಗೆ ಶುರುವಾದ ಮೈಸೂರು ಸರ್ವೆ ಮುಗಿಯಲು ಹತ್ತಿರ ಹತ್ತಿರ ಹತ್ತು ವರ್ಷ ಬೇಕಾಯಿತು. ಅಳೆದದ್ದು ಸುಮಾರು 40,000 ಚದರ ಮೈಲಿ. ಇವತ್ತಿನ ಹುಣಸೂರು, ಪಿರಿಯಾಪಟ್ಟಣ, ಆಗ ಎಡತೊರೆ ಅನ್ನಿಸಿಕೊಂಡಿದ್ದ ಕೆ.ಆರ್. ನಗರದ ಸೀಮೆ, ಹೆಗ್ಗಡದೇವನಕೋಟೆ ಎಲ್ಲ ಈ ಮೈಸೂರಿನ ಒಳಗೇ ಬಂದವು.

ಸಾಧನ ಅಂದ್ರೆ ಏನಿತ್ತು? ಥಿಯೋಡೊಲೈಟು, ಸರಪಳಿ, ತಳ್ಳಿಕೊಂಡು ಹೋಗುವ ಅಳತೆ ಗಾಲಿ. ನೆಲದ ಮೇಲೆ ಒಂದು ಗೆರೆಯನ್ನು ಬಲು ಜಾಗ್ರತೆಯಾಗಿ ಅಳೆಯೋದು, ಅದರ ಎರಡು ತುದಿಯಿಂದ ದೂರದ ಬೆಟ್ಟದ ತುದಿಗೆ ಕೋನ ಹಿಡಿಯೋದು, ಉಳಿದ ಎರಡು ಬಾಹುಗಳನ್ನು ಲೆಕ್ಕದಿಂದ ತೆಗೆಯೋದು. ನಾವು ಸರ್ವೆ ಲ್ಯಾಬಿನಲ್ಲಿ ಬಿಸಿಲಿಗೆ ಗೊಣಗುತ್ತ ಮಾಡುವ ತ್ರಿಕೋನ ಮಾಪನವೇ ಇದು. ಅವರ ಜೊತೆ ಕೆಲಸ ಮಾಡಿದವರಲ್ಲಿ ಮದ್ರಾಸಿನ ಸರ್ವೆ ಶಾಲೆಯ ಹುಡುಗರಿದ್ದರು. ಅನಾಥಾಲಯದಿಂದ ಬಂದು ಕೆಲಸ ಕಲಿತವರು, ನಮಗಿಂತ ಚಿಕ್ಕವರು. ಪಡುವಣ ಕಾಡಿನ ಅಂಚಿನಲ್ಲಿ ಜ್ವರ ಸರ್ವೆಯವರನ್ನು ಹಣ್ಣು ಮಾಡಿತು. ಮೆಕೆಂಜಿಯವರ ಆರೋಗ್ಯವೂ ಕೆಟ್ಟಿತು.

ಇದೇ ಸರ್ವೆಯಿಂದ ಇನ್ನೊಂದು ಲೋಹದ ಕಥೆ ಹುಟ್ಟಿತು. ಲೆಫ್ಟಿನೆಂಟ್ ಜಾನ್ ವಾರನ್ ಎಂಬ ಸಹಾಯಕ 1802ರಲ್ಲಿ ಪೂರ್ವದ ಗಡಿ ಗುರುತಿಸುವಾಗ ಕೋಲಾರದ ಕಡೆ ಮಣ್ಣಲ್ಲಿ ಚಿನ್ನ ಇದೆ ಎಂಬ ಮಾತು ಕಿವಿಗೆ ಬಿತ್ತು. ತೋರಿಸಿದವರಿಗೆ ಬಹುಮಾನ ಅಂದರು. ಹಳ್ಳಿಯವರು ಮಣ್ಣು ತಂದು ಅವರ ಕಣ್ಣೆದುರೇ ತೊಳೆದು ಚಿನ್ನದ ಪುಡಿ ತೋರಿಸಿದರು. ಕೋಲಾರದ ಚಿನ್ನದ ಗಣಿಯ ಚರಿತ್ರೆ ಹೇಳುವವರು ವಾರನ್ ಅವರನ್ನು ಬಿಟ್ಟು ಹೇಳೋದಿಲ್ಲ. ಆದರೆ ಚಿನ್ನ ಇರುವುದು ಮೊದಲಿಂದ ಗೊತ್ತಿದ್ದದ್ದು ಮಣ್ಣು ತೊಳೆದ ಆ ಹಳ್ಳಿಯವರಿಗೆ. ಅವರ ಹೆಸರು ನಮ್ಮ ಪಠ್ಯಗಳಲ್ಲಿ ಇಲ್ಲ.

ನಮ್ಮ ಮಣ್ಣಲ್ಲಿ ಏನಿತ್ತು

ಸರ್ವೆಯ ಆದೇಶ ನೆಲ ಅಳೆಯಲು ಮಾತ್ರ. ಮೆಕೆಂಜಿ ಅದರ ಜೊತೆಗೆ ತಮ್ಮ ಹಂಬಲವನ್ನೂ ಸೇರಿಸಿಕೊಂಡರು. ಊರಿಗೆ ಹೋದಾಗ ಅವರ ಜನ ಗುಡಿಯ ಕಲ್ಲಿನ ಬರಹ ನಕಲು ಮಾಡುತ್ತಿದ್ದರು. ಶಾನುಭೋಗರ ಹತ್ತಿರ ಇದ್ದ ಕಡತ ಓದಿಸುತ್ತಿದ್ದರು. ಕಡತ ಅಂದ್ರೆ ಇದ್ದಿಲು ಮತ್ತು ಹುಣಸೆ ಬೀಜದ ಅಂಟು ಬಳಿದು ಕಪ್ಪು ಮಾಡಿದ ಮಡಿಕೆ ಬಟ್ಟೆ. ಅದರ ಮೇಲೆ ಬಳಪದಲ್ಲಿ ಬರೆದು, ಬೇಡವಾದರೆ ಅಳಿಸಿ ಮತ್ತೆ ಬರೆಯಬಹುದಿತ್ತು. ಊರಿನ ಹಿರಿಯರು ಹೇಳಿದ ಹುಟ್ಟುಕಥೆ, ಪಾಳೆಯಗಾರರ ವಂಶಾವಳಿ, ಕೆರೆ ಕಟ್ಟಿಸಿದವರ ಹೆಸರು ಎಲ್ಲ ಕೈಫಿಯತ್ತು ಅನ್ನೋ ಹೆಸರಲ್ಲಿ ಕಾಗದಕ್ಕೆ ಬಂತು. ಸಿಕ್ಕಲ್ಲಿ ಹಳೇ ನಾಣ್ಯವನ್ನೂ ಕೂಡಿಸಿದರು.

ಹಾಗಾದರೆ ನಮ್ಮ ಕಡೆಯ ನಾಣ್ಯಗಳು ಯಾವುವು? ಬ್ಯಾಂಕಿಲ್ಲದ ಕಾಲ. ಉಳಿತಾಯ ಅಂದ್ರೆ ಮಡಕೆಯಲ್ಲಿ ಹಾಕಿ ನೆಲದಲ್ಲಿ ಹೂಳೋದು. ದಂಡು ಬಂದಾಗ ಹೂತವರು ಎಷ್ಟೋ ಸಲ ವಾಪಸ್ ಬರುತ್ತಿರಲಿಲ್ಲ. ಆಮೇಲೆ ನೇಗಿಲಿಗೋ ಗುದ್ದಲಿಗೋ ಅದು ಸಿಕ್ಕರೆ ಅಕ್ಕಸಾಲಿಗರ ಮೂಸೆಗೆ ಹೋಗಿ ಕರಗುತ್ತಿತ್ತು. ಕರಗದೆ ಉಳಿದವು ನಮ್ಮ ಚರಿತ್ರೆ.

ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯದ ಮೇಲೆ ತಳಕಾಡುಗೊಂಡ ಅನ್ನೋ ಬಿರುದು ಕನ್ನಡದಲ್ಲೇ ಇದೆ. ಗೆದ್ದ ಸುದ್ದಿಯನ್ನು ಜನರ ಸೊಂಟದ ಚೀಲಕ್ಕೇ ಹಾಕಿ ಕಳಿಸಿದ ಹಾಗೆ! ಮೈಸೂರು ಒಡೆಯರಲ್ಲಿ ಮೊದಲು ಟಂಕಸಾಲೆ ಇಟ್ಟವರು ರಣಧೀರ ಕಂಠೀರವ ನರಸರಾಜರು. 1638ರಿಂದ 1659ರವರೆಗೆ ಆಳಿದವರು. ಚಂಗಾಳ್ವರ ಕೈಯಲ್ಲಿದ್ದ ಪಿರಿಯಾಪಟ್ಟಣ ಮೈಸೂರಿಗೆ ಸೇರಿದ್ದು ಅವರ ಕಾಲದಲ್ಲಿ. ಅವರ ಕಂಠೀರಾಯಿ ಹಣ ಚಿನ್ನದ್ದೇ, ಮೇಲೆ ನರಸಿಂಹನ ರೂಪ. ಆದರೆ ತೂಕ ಅರ್ಧ ಗ್ರಾಮೂ ಇಲ್ಲ. ಹತ್ತು ಹಣ ಸೇರಿದರೆ ಒಂದು ವರಹದ ಲೆಕ್ಕ. ಹೈದರಲಿಯ ವರಹದಲ್ಲಿ ಒಂದು ಕಡೆ ಶಿವ ಪಾರ್ವತಿ, ಇನ್ನೊಂದು ಕಡೆ ಹೈದರನ ಹೆಸರಿನ ಮೊದಲ ಅಕ್ಷರ. ಟಿಪ್ಪುವಿನ ತಾಮ್ರದ ಕಾಸಿನಲ್ಲಿ ಆನೆ. ಟಿಪ್ಪು ಆಮೇಲೆ ತಂದ ಮೌಲೂದಿ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇದು ಗೊತ್ತಿಲ್ಲದವರಿಗೆ ಆ ನಾಣ್ಯದ ಕಾಲವೇ ಸಿಗುವುದಿಲ್ಲ. ಮುಮ್ಮಡಿಯವರ ತಾಮ್ರದ ಕಾಸಿನಲ್ಲಿ ಕನ್ನಡದಲ್ಲಿ ಮಯಿಲಿ ಕಾಸು ಅಂತ ಬರೆದಿದೆ.

ಇನ್ನೂ ಹಳೆಯದೂ ಇದೆ. ಎಚ್.ಡಿ. ಕೋಟೆ ಸೀಮೆಯ ಕಿತ್ತೂರನ್ನು ಪುನ್ನಾಟ ರಾಜ್ಯದ ಕೀರ್ತಿಪುರ ಅಂತ ವಿದ್ವಾಂಸರು ಗುರುತಿಸಿದ್ದಾರೆ. ಎರಡನೇ ಶತಮಾನದ ಟಾಲೆಮಿಯ ಭೂಗೋಳದಲ್ಲಿ ಪುನ್ನಾಟದ ಹೆಸರು, ಅಲ್ಲಿ ಸಿಗುವ ಬೆರಿಲ್ ಎಂಬ ಹಸಿರು ರತ್ನದ ಮಾತು ಬರುತ್ತದೆ. ಆ ವ್ಯಾಪಾರದ ಕಾಲದಲ್ಲಿ ರೋಮಿನ ಬೆಳ್ಳಿ ಚಿನ್ನ ದಕ್ಷಿಣಕ್ಕೆ ಹರಿದು ಬಂತು. 1891ರಲ್ಲಿ ಬೆಂಗಳೂರಿನ ಯಶವಂತಪುರದ ಹತ್ತಿರ ರೈಲು ಹಾದಿಗೆ ಮಣ್ಣು ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯ ಸಿಕ್ಕವು. ಎಲ್ಲಿ ಸಿಕ್ಕವು ಅಂತ ಬರೆದಿಟ್ಟದ್ದರಿಂದಲೇ ಬೆಂಗಳೂರಿನ ನೆಲಕ್ಕೂ ರೋಮಿಗೂ ನಂಟಿತ್ತು ಅಂತ ನಾವಿವತ್ತು ಹೇಳಬಹುದು. ಅದೇ ನಾಣ್ಯ ಯಾರದೋ ಡ್ರಾಯರಿನಲ್ಲಿ ವಿಳಾಸವಿಲ್ಲದೆ ಕೂತಿದ್ದರೆ ಅದು ರೋಮಿನ ನಾಣ್ಯ ಅಷ್ಟೇ, ನಮ್ಮ ಊರಿನ ಚರಿತ್ರೆ ಅಲ್ಲ.

ಓದಿದವರು ಯಾರು

ಒಂದು ವಿಚಿತ್ರ ಸಂಗತಿ ಕೇಳಿ. ಇಷ್ಟೆಲ್ಲ ಕೂಡಿಸಿದ ಮೆಕೆಂಜಿಗೆ ಕನ್ನಡ ಬರುತ್ತಿರಲಿಲ್ಲ. ತಮಿಳು, ತೆಲುಗು, ಸಂಸ್ಕೃತವೂ ಬರುತ್ತಿರಲಿಲ್ಲ. ಹಾಗಾದರೆ ಓದಿದವರು ಯಾರು?

ಮೊದಲ ಹೆಸರು ಕಾವಲಿ ವೆಂಕಟ ಬೋರಯ್ಯ. ಏಲೂರಿನ ತೆಲುಗು ಮನೆತನದವರು. 1776ರ ಸುಮಾರಿಗೆ ಹುಟ್ಟಿದವರು. ಇಪ್ಪತ್ತರ ಹರೆಯದಲ್ಲೇ ಮೆಕೆಂಜಿ ಜೊತೆ ಸೇರಿದರು. ಭಾಷೆಗಳು ಬರುತ್ತಿದ್ದವು, ಹಳೇ ಅಕ್ಷರಗಳನ್ನು ಬಿಡಿಸುವ ಕಣ್ಣಿತ್ತು, ಅಪರಿಚಿತ ಊರಿನ ಜನರನ್ನು ಮಾತಿಗೆ ಒಲಿಸುವ ಗುಣವಿತ್ತು. ಈ ದೇಶದ ವಿದ್ಯೆಯ ಬಾಗಿಲು ತಮಗೆ ತೆರೆದದ್ದು ಬೋರಯ್ಯನವರಿಂದ ಎಂದು ಮೆಕೆಂಜಿ ಮುಂದೆ ಒಪ್ಪಿಕೊಂಡರು. ಆದರೆ ಸರ್ವೆ ಇನ್ನೂ ನಡೆಯುತ್ತಿರುವಾಗಲೇ, 1803ರಲ್ಲಿ, ಬೋರಯ್ಯ ತೀರಿಕೊಂಡರು. ಇನ್ನೂ ಮೂವತ್ತೂ ತುಂಬಿರಲಿಲ್ಲ. ಅವರ ಜಾಗಕ್ಕೆ ತಮ್ಮ ಲಕ್ಷ್ಮಯ್ಯ ಬಂದರು. ಇನ್ನೊಬ್ಬ ತಮ್ಮ ರಾಮಸ್ವಾಮಿಯೂ ಸೇರಿದರು.

ನಮ್ಮ ಕಡೆಯವರೊಬ್ಬರು ಧರ್ಮಯ್ಯ. ಈಗಿನ ಚಾಮರಾಜನಗರ ಸೀಮೆಯ ಮಲೆಯೂರಿನ ಜೈನ ಪಂಡಿತರು. ಹಳಗನ್ನಡದ ಶಾಸನ ಓದುವುದರಲ್ಲಿ ಮೆಕೆಂಜಿಗೆ ಬಲಗೈ ಆದವರು. ಅದೇ ಮಲೆಯೂರಿನ ದೇವಚಂದ್ರರನ್ನೂ ಮೆಕೆಂಜಿ 1804ರಲ್ಲಿ ಕಂಡರು. ಊರಿನ ಹಳೇ ಕಥೆ ಹೇಳಲು ಶುರುಮಾಡಿದ ದೇವಚಂದ್ರರು ಆ ಕೆಲಸವನ್ನು ಅಲ್ಲಿಗೇ ಬಿಡದೆ, ಮುಂದೆ ರಾಜಾವಳಿ ಕಥೆ ಎಂಬ ದೊಡ್ಡ ಗ್ರಂಥವನ್ನೇ ಬರೆದರು. ಯಾರೋ ಕೇಳಿದ ಒಂದು ಪ್ರಶ್ನೆಯಿಂದ ಕನ್ನಡಕ್ಕೆ ಒಂದು ಪುಸ್ತಕ ಬಂತು.

1816ರಲ್ಲಿ ಥಾಮಸ್ ಹಿಕಿ ಎಂಬ ಕಲಾವಿದ ಮೆಕೆಂಜಿಯವರ ಒಂದು ಚಿತ್ರ ಬರೆದರು. ನೆಟ್ಟಿನಲ್ಲಿ ಹುಡುಕಿದ್ರೆ ಸಿಗುತ್ತೆ, ನೋಡಿ. ನಡುವೆ ಕೆಂಪು ಅಂಗಿಯ ಮೆಕೆಂಜಿ, ಸುತ್ತ ಮೂವರು ಭಾರತೀಯರು. ಒಬ್ಬರ ಕೈಯಲ್ಲಿ ಓಲೆಗರಿ, ಇನ್ನೊಬ್ಬರ ಕೈಯಲ್ಲಿ ದೂರದರ್ಶಕ. ಓಲೆ ಹಿಡಿದವರು ಧರ್ಮಯ್ಯ ಅಂತ ಗುರುತಿಸುತ್ತಾರೆ. ಹಿಂದೆ ದೂರದಲ್ಲಿ ಬೆಟ್ಟದ ಮೇಲೆ ಗೊಮ್ಮಟ. ಆ ಕಾಲದ ಸಾಹೇಬರ ಚಿತ್ರಗಳಲ್ಲಿ ಭಾರತೀಯರು ಸಾಮಾನ್ಯವಾಗಿ ಛತ್ರಿ ಹಿಡಿದವರಾಗಿಯೋ ಕುದುರೆ ಹಿಡಿದವರಾಗಿಯೋ ಇರುತ್ತಾರೆ. ಇಲ್ಲಿ ಇರುವುದು ಒಂದು ಟೀಮಿನ ಫೋಟೋ. ಹಾಗಂತ ಎಲ್ಲರೂ ಸಮಾನರಾಗಿದ್ದರು ಅಂತಲ್ಲ. ಸಂಗ್ರಹಕ್ಕೆ ಉಳಿದ ಹೆಸರು ಒಬ್ಬರದ್ದೇ.

ಜಾವಾ, ಕಲ್ಕತ್ತ, ಹೂಗ್ಲಿ ನದಿ

ಮೈಸೂರು ಸರ್ವೆ ಮುಗಿದ ಮೇಲೆ 1810ರಲ್ಲಿ ಮೆಕೆಂಜಿ ಮದ್ರಾಸಿನ ಸರ್ವೇಯರ್ ಜನರಲ್ ಆದರು. ಕುರ್ಚಿ ಬಿಸಿಯಾಗುವ ಮೊದಲೇ ಜಾವಾ ದಂಡಯಾತ್ರೆಗೆ ಕರೆ ಬಂತು. 1811ರಿಂದ 1813ರವರೆಗೆ ಅಲ್ಲಿದ್ದರು. ಯುದ್ಧ ಮುಗಿದದ್ದೇ ಅಲ್ಲಿಯೂ ಪ್ರಂಬಾನನ್ ಗುಡಿಗಳ ಅಳತೆ, ಹಳೇ ಕಾಗದ ಕೂಡಿಸುವ ಕೆಲಸ. 1812ರಲ್ಲಿ ಪೆಟ್ರೊನೆಲ್ಲಾ ಬಾರ್ಟೆಲ್ಸ್ ಎಂಬ ಡಚ್ ಮನೆತನದ ಹುಡುಗಿಯನ್ನು ಮದುವೆಯಾದರು. ಆಗ ಅವರಿಗೆ ಐವತ್ತೆಂಟರ ಹತ್ತಿರ.

1815ರಲ್ಲಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದರು. ಎರಡು ವರ್ಷದ ಮೇಲೆ ಕಲ್ಕತ್ತಕ್ಕೆ ಹೋಗಬೇಕಾಯಿತು. ಪೆಟ್ಟಿಗೆ ಪೆಟ್ಟಿಗೆ ಓಲೆ, ಕಾಗದ, ನಾಣ್ಯ ಎಲ್ಲ ಹಡಗಿನಲ್ಲಿ ಹೋಯಿತು. ಲಕ್ಷ್ಮಯ್ಯನವರೂ ಹೋದರು. ಅಲ್ಲಿ ಕೂತು ಎಲ್ಲದಕ್ಕೂ ಕ್ಯಾಟಲಾಗ್ ಮಾಡಬೇಕು, ಯಾವುದು ಎಲ್ಲಿಂದ ಬಂತು, ಏನು ಹೇಳುತ್ತದೆ ಅಂತ ಜೋಡಿಸಬೇಕು ಅನ್ನೋದು ಮೆಕೆಂಜಿಯವರ ಆಸೆ. ಆದರೆ ದಕ್ಷಿಣದ ಭಾಷೆ ಬಲ್ಲವರು ಕಲ್ಕತ್ತದಲ್ಲಿ ಕಡಿಮೆ. ಆಫೀಸಿನ ಕೆಲಸ ಜಾಸ್ತಿ. ದೇಹ ಸೋತಿತ್ತು. 1821ರ ಮೇ 8ರಂದು ಹೂಗ್ಲಿ ನದಿಯ ದೋಣಿಯಲ್ಲಿ ಅವರು ತೀರಿಕೊಂಡರು. ಕಲ್ಕತ್ತದ ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಭಾರತಕ್ಕೆ ಬಂದ ಮೇಲೆ ಒಮ್ಮೆಯೂ ಸ್ಕಾಟ್ಲೆಂಡಿಗೆ ಹಿಂತಿರುಗಿರಲಿಲ್ಲ. ಕ್ಯಾಟಲಾಗ್ ಆಗಿರಲಿಲ್ಲ.

ಒಂದು ಲಕ್ಷ ರೂಪಾಯಿ

ಮೆಕೆಂಜಿ ಈ ಕೆಲಸಕ್ಕೆ ತಮ್ಮ ಸಂಬಳದ ದುಡ್ಡನ್ನೂ ಸುರಿದಿದ್ದರು. ಅವರು ಹೋದ ಮೇಲೆ ಪತ್ನಿಯಿಂದ ಕಂಪನಿ ಸರ್ಕಾರ ಇಡೀ ಸಂಗ್ರಹವನ್ನು ಒಂದು ಲಕ್ಷ ರೂಪಾಯಿಗೆ ಕೊಂಡಿತು. ಎಚ್.ಎಚ್. ವಿಲ್ಸನ್ ಎಂಬ ಸಂಸ್ಕೃತ ವಿದ್ವಾಂಸರು ಕೂತು ಪಟ್ಟಿ ಮಾಡಿ 1828ರಲ್ಲಿ ಅಚ್ಚು ಹಾಕಿಸಿದರು. ಆ ಲೆಕ್ಕ ಹೀಗಿದೆ: ಗ್ರಂಥಗಳು 1568, ಶಾಸನದ ನಕಲುಗಳು 8076, ಚಿತ್ರಗಳು 2630, ನಾಣ್ಯಗಳು 6218, ವಿಗ್ರಹಗಳು 106. ಇದರ ಜೊತೆ ಎರಡು ಸಾವಿರಕ್ಕೂ ಮಿಕ್ಕಿ ಊರೂರ ಕೈಫಿಯತ್ತುಗಳು.

ನಾಣ್ಯ, ವಿಗ್ರಹಗಳ ಬಹುಪಾಲು ಲಂಡನ್ನಿಗೆ ಹೋಯಿತು. ದಕ್ಷಿಣದ ಭಾಷೆಯ ಗ್ರಂಥಗಳು ಕೊನೆಗೆ ಮದ್ರಾಸಿಗೆ ವಾಪಸ್ ಬಂದವು. ಕನ್ನಡದ ಕೈಫಿಯತ್ತುಗಳನ್ನು ಡಾ. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ ಸಂಪುಟವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದೆ.

ಲಕ್ಷ್ಮಯ್ಯನವರ ಕಥೆ ಏನಾಯಿತು? ಕಾಲು ಶತಮಾನ ಈ ಕೆಲಸದಲ್ಲೇ ಸವೆದವರು. ಪ್ರತಿ ಕಡತ, ಪ್ರತಿ ಊರು ಅವರಿಗೆ ಗೊತ್ತು. ನಿಂತ ಕೆಲಸವನ್ನು ನಾನು ಮುಂದುವರಿಸುತ್ತೇನೆ ಅಂತ 1830ರ ದಶಕದಲ್ಲಿ ಸರ್ಕಾರಕ್ಕೆ ಅರ್ಜಿ ಕೊಟ್ಟರು. ಅದು ಅಭಿಪ್ರಾಯಕ್ಕಾಗಿ ಕಲ್ಕತ್ತದ ಏಷ್ಯಾಟಿಕ್ ಸೊಸೈಟಿಗೆ ಹೋಯಿತು. ಅಲ್ಲಿ ಆಗ ಕಾರ್ಯದರ್ಶಿ ಜೇಮ್ಸ್ ಪ್ರಿನ್ಸೆಪ್. ಟಂಕಸಾಲೆಯ ಅಧಿಕಾರಿ, ಹಳೇ ನಾಣ್ಯ ಬಿಡಿಸುವುದರಲ್ಲಿ ನಿಸ್ಸೀಮರು, ಅದೇ ದಶಕದಲ್ಲಿ ಅಶೋಕನ ಬ್ರಾಹ್ಮಿ ಲಿಪಿಯನ್ನು ಓದಿ ಹೆಸರಾದವರು. ಆದರೆ ಅಂಥವರಿದ್ದ ಸಮಿತಿಯೂ ದೇಶೀಯನೊಬ್ಬ ಇಂಥ ಕೆಲಸದ ಯಜಮಾನಿಕೆ ವಹಿಸಲು ಸಾಲದು ಅಂತ ತೀರ್ಮಾನಿಸಿತು. ಕೆಲಸ ಒಬ್ಬ ಪಾದ್ರಿಗೆ ಹೋಯಿತು. ಓದಲು ಬೇಕಾದವರು, ಮುನ್ನಡೆಸಲು ಬೇಡವಾದರು. ಮೆಕೆಂಜಿಯವರ ಬದುಕಿನಲ್ಲಿ ನಮಗೆ ತುಂಬಾ ಚುಚ್ಚಿದ ಭಾಗ ಇದು.

ಅವರು ಬಿಟ್ಟ ಕೆಲಸ ನಮ್ಮ ಸೀಮೆಯಲ್ಲಿ ಬೇರೆ ದಾರಿಯಿಂದ ಮುಂದುವರಿಯಿತು. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಅವರು ಮೈಸೂರು ರಾಜ್ಯದ ಶಾಸನಗಳನ್ನು ತಾಲ್ಲೂಕುವಾರು ಹನ್ನೆರಡು ಸಂಪುಟಗಳಲ್ಲಿ ತಂದರು. 1898ರ ನಾಲ್ಕನೇ ಸಂಪುಟದಲ್ಲಿ ಹುಣಸೂರು, ಎಡತೊರೆ, ಹೆಗ್ಗಡದೇವನಕೋಟೆ ಇವೆ. ಊರಿನ ಹೆಸರು, ಕಲ್ಲು ನಿಂತ ಜಾಗ, ಆಮೇಲೆ ಪಾಠ, ಈ ಕ್ರಮದಲ್ಲಿ. ನಿಮ್ಮೂರಿನ ಕಲ್ಲು ಅದರಲ್ಲಿ ಇದ್ದರೂ ಇರಬಹುದು.

ಬಝರ್ ಹೇಳದ ಮಾತು

ಮೆಕೆಂಜಿ ಸತ್ತು ಸರಿಯಾಗಿ ಅರವತ್ತು ವರ್ಷಕ್ಕೆ, 1881ರಲ್ಲಿ, ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅಮೆರಿಕದಲ್ಲಿ ಒಂದು ಲೋಹಶೋಧಕ ಕಟ್ಟಿದರು. ಅಧ್ಯಕ್ಷ ಗಾರ್ಫೀಲ್ಡ್ ಮೈಯಲ್ಲಿ ಹೊಕ್ಕ ಗುಂಡು ಎಲ್ಲಿದೆ ಅಂತ ಹುಡುಕೋಕೆ. ಗುಂಡು ಸಿಗಲಿಲ್ಲ. ಹಾಸಿಗೆಯ ಸ್ಟೀಲ್ ಸ್ಪ್ರಿಂಗುಗಳೂ ಯಂತ್ರಕ್ಕೆ ಅಡ್ಡಿಯಾದವು ಅಂತ ಆಮೇಲೆ ಗೊತ್ತಾಯಿತು. ನಮ್ಮ ಮಿನಿ ಪ್ರಾಜೆಕ್ಟಿನ ಮುತ್ತಜ್ಜ ಅದೇ. ಅದರ ಕಷ್ಟ ಈಗಲೂ ಇದೆ. ಕಾಯಿಲಿನ ಕಾಂತಕ್ಷೇತ್ರ ದೂರ ಹೋದಂತೆ ದೂರದ ಘನದ ಲೆಕ್ಕದಲ್ಲಿ ಕುಗ್ಗುತ್ತದೆ. ನಾಣ್ಯದಲ್ಲಿ ಹುಟ್ಟಿದ ಎಡ್ಡಿ ಕರೆಂಟಿನ ಕ್ಷೇತ್ರ ವಾಪಸ್ ಬರುವಾಗ ಮತ್ತೆ ಅದೇ ಲೆಕ್ಕ. ಹಾಗಾಗಿ ಕಾಯಿಲಿನ ಅಗಲಕ್ಕಿಂತ ಸಾಕಷ್ಟು ಆಳದಲ್ಲಿ, ಆಳ ಎರಡು ಪಟ್ಟಾದರೆ ಸಿಗ್ನಲ್ 64ರಲ್ಲಿ ಒಂದು ಪಾಲು. ಅರ್ಧ ಗ್ರಾಮಿಲ್ಲದ ಕಂಠೀರಾಯಿ ಹಣವನ್ನು ನಮ್ಮ ಕೆಂಪು ಮಣ್ಣಿನ ಕಬ್ಬಿಣದ ಅಂಶದ ನಡುವೆ ಹಿಡಿಯೋದು ಸುಲಭವಲ್ಲ. ಪಾರ್ಕಲ್ಲಿ ಬಝರ್ ಹೊಡೆದರೆ ಅದು ಬಹುಶಃ ಸೋಡಾ ಮುಚ್ಚಳ.

ನಿಜವಾಗಿ ನಾಣ್ಯವೇ ಸಿಕ್ಕರೆ? ನೆಲದಲ್ಲಿ ಸಿಕ್ಕ ಹಳೇ ನಾಣ್ಯ, ಒಡವೆ ಕಾನೂನಿನ ಪ್ರಕಾರ ನಿಧಿ. ದೇಶಕ್ಕೆ 1878ರ ಕಾಯ್ದೆ ಇದೆ, ಕರ್ನಾಟಕಕ್ಕೆ 1962ರ ಕಾಯ್ದೆ ಇದೆ. ಸಿಕ್ಕವರು ಜಿಲ್ಲಾಡಳಿತಕ್ಕೆ ತಿಳಿಸಬೇಕು. ಮುಚ್ಚಿಟ್ಟರೆ ಶಿಕ್ಷೆ. ರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿ ಇಲ್ಲದೆ ಅಗೆಯೋ ಹಾಗೇ ಇಲ್ಲ. ನಿಧಿ ಆಸೆಗೆ ಗುಡಿಯ ಗರ್ಭಗುಡಿ ಒಡೆದ, ವೀರಗಲ್ಲು ಕಿತ್ತ ಸುದ್ದ��ಗಳನ್ನು ನಾವು ಪೇಪರಿನಲ್ಲಿ ಓದುತ್ತಲೇ ಇರ್ತೀವಿ. ಅಮರಾವತಿಯ ದಿಬ್ಬದಲ್ಲಿ ನಡೆದದ್ದು ಸಣ್ಣ ಪ್ರಮಾಣದಲ್ಲಿ ನಮ್ಮೂರ ಸುತ್ತಲೂ ನಡೆಯುತ್ತಿದೆ.

ಕಾನೂನಿಗಿಂತ ದೊಡ್ಡ ಕಾರಣ ಮೆಕೆಂಜಿಯವರ ಬದುಕಿನಲ್ಲೇ ಇದೆ. ಬಝರ್ ಹೇಳೋದು ಇಲ್ಲಿ ಲೋಹ ಇದೆ ಅಂತ ಮಾತ್ರ. ಅದು ಯಾವ ಆಳದಲ್ಲಿತ್ತು, ಪಕ್ಕದಲ್ಲಿ ಮಡಕೆ ಚೂರಿತ್ತಾ, ಬೂದಿ ಇತ್ತಾ, ಊರವರು ಆ ಜಾಗಕ್ಕೆ ಏನಂತ ಕರೀತಾರೆ ಅನ್ನೋದನ್ನ ಅದು ಹೇಳೋದಿಲ್ಲ. ಒಮ್ಮೆ ಕಿತ್ತ ಮೇಲೆ ಯಾರೂ ಹೇಳಲಾರರು. ಗುಡಿಯ ಕಲ್ಲು ಅಲ್ಲೇ ನಿಂತಿರುತ್ತದೆ, ಮೆಕೆಂಜಿ ಕಡೆಯವರು ತಪ್ಪು ಓದಿದರೂ ರೈಸ್ ಬಂದು ಮತ್ತೆ ಓದಬಹುದು. ನಾಣ್ಯಕ್ಕೆ ಆ ಎರಡನೇ ಅವಕಾಶ ಇಲ್ಲ. ಸ್ಟಾರ್ನೋವೇಯ ಸುಂಕದ ಕಟ್ಟೆಯ ಅಧಿಕಾರಿಗೆ ಇದು ಗೊತ್ತಿತ್ತು: ಎಲ್ಲಿಂದ ಬಂತು ಅಂತ ಬರೆಯದ ಸರಕಿಗೆ ಲೆಕ್ಕವಿಲ್ಲ.

ಆದ್ದರಿಂದ ಡಿಟೆಕ್ಟರ್ ಮಾಡೋಣ, ಕಾಲೇಜಿನ ಮರಳಿನಲ್ಲಿ ನಾವೇ ಹೂತ ಒಂದು ರೂಪಾಯಿ ಹುಡುಕಿ ಗ್ರಾಫ್ ಹಾಕೋಣ. ಊರಿಗೆ ಹೋದಾಗ ಮಾತ್ರ ಗುದ್ದಲಿ ಬೇಡ. ಮೆಕೆಂಜಿಗೆ ಹತ್ತು ವರ್ಷ ಹಿಡಿದ ಅಳತೆಯನ್ನು ನಮ್ಮ ಫೋನಿನ ಜಿಪಿಎಸ್ ಕ್ಷಣದಲ್ಲಿ ಕೊಡುತ್ತದೆ. ಅವರಿಗೆ ಬಾರದೇ ಇದ್ದ ಕನ್ನಡ ನಮಗೆ ಬರುತ್ತದೆ. ಕೆರೆ ಏರಿಯ ಮೇಲಿನ ವೀರಗಲ್ಲು, ಹೊಲದ ಬದುವಿನ ಮಾಸ್ತಿಕಲ್ಲು, ಅಜ್ಜಿ ಹೇಳುವ ಹಾಳೂರಿನ ಹೆಸರು, ಇವುಗಳ ಫೋಟೋ, ಜಾಗ, ಹೇಳಿದವರ ಹೆಸರು ಮೂರನ್ನೂ ಬರೆದು ಕಳಿಸಿ. ಕ್ಲಬ್ಬಿನಿಂದ ತಾಲ್ಲೂಕುವಾರು ಒಂದು ಪಟ್ಟಿ ಶುರು ಮಾಡ್ತಿದೀವಿ. ಹುಣಸೂರಿನಿಂದಲೇ ಶುರು. ಹೇಳಿದವರ ಹೆಸರು ಬಿಟ್ಟು ಕಳಿಸಿದ್ದನ್ನು ಮಾತ್ರ ನಾವು ತಗೊಳೋದಿಲ್ಲ.